ಬಚ್ಚಲ ಒಲೆಯಿಂದ ಬಾವಿಕಟ್ಟೆಯವರೆಗೆ: ದಿನನಿತ್ಯದ ಅಪಾಯಗಳನ್ನು ಕಡಿಮೆ ಮಾಡಿಕೊಳ್ಳುವುದು ಹೇಗೆ?

ನಮ್ಮ ಆಯಿ ಬೀಡಿ, ಹೊಗೆಸೊಪ್ಪು ಯಾವುದನ್ನೂ ಮುಟ್ಟಿದವಳಲ್ಲ. ಆದರೂ ಅರವತ್ತು ತುಂಬುವ ಮೊದಲೇ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಮಳೆಗಾಲ ಹಿಡಿಯಿತೆಂದರೆ ರಾತ್ರಿಯಿಡೀ ಕೆಮ್ಮು. ಶಿರಸಿಯಲ್ಲಿ ತೋರಿಸಿದಾಗ ವೈದ್ಯರು ಮೊದಲು ಕೇಳಿದ್ದು ಇಷ್ಟೇ: “ಅಮ್ಮ, ಎಷ್ಟು ವರ್ಷದಿಂದ ಒಲೆ ಊದ್ತಾ ಇದ್ದೀರಿ?”

ಆಯಿ ಬೆರಳು ಮಡಚಿ ಎಣಿಸಿದಳು. ನಲವತ್ತು ದಾಟಿತ್ತು. ಅಡುಗೆಮನೆಗೆ ಗ್ಯಾಸ್ ಬಂದು ಎಷ್ಟೋ ಕಾಲವಾಗಿದೆ, ಹಾಗಾಗಿ ನಾವೆಲ್ಲ ಹೊಗೆಯ ಕಾಲ ಮುಗಿಯಿತು ಎಂದುಕೊಂಡಿದ್ದೆವು. ಆದರೆ ಬಚ್ಚಲುಮನೆಯ ಹಂಡೆ ಹಾಗೇ ಇತ್ತು. ದಿನಾ ಬೆಳಿಗ್ಗೆ ಐದಕ್ಕೆ ಆ ಒಲೆಗೆ ಬೆಂಕಿ ಹಾಕುವವಳು ಅವಳೇ. ಒದ್ದೆ ಕಟ್ಟಿಗೆ ಹತ್ತದಿದ್ದರೆ ಹಾಲಿನ ಕೊಟ್ಟೆಯನ್ನೋ ಬಿಸ್ಕತ್ತಿನ ಕವರನ್ನೋ ಒಳಗೆ ತುರುಕುತ್ತಿದ್ದಳು. “ಒಂದು ಕೊಟ್ಟೆ ಹಾಕಿದ್ರೆ ಬೇಗ ಹತ್ತಿಕೊಳ್ತು” ಎನ್ನುವುದು ನಮ್ಮ ಊರಿನ ಎಲ್ಲ ಬಚ್ಚಲಲ್ಲೂ ಕೇಳುವ ಮಾತು.

ಪರಿಸರ ಮಾಲಿನ್ಯ ಎಂದರೆ ದೆಹಲಿಯ ಗಾಳಿ, ಬೆಂಗಳೂರಿನ ಕೆರೆ ಎಂದು ನಾವು ಅಂದುಕೊಳ್ಳುತ್ತೇವೆ. ನಮ್ಮ ಉತ್ತರ ಕನ್ನಡದಲ್ಲಿ ಕಾಡಿದೆ, ಕಡಲಿದೆ, ಗಾಳಿ ಚೆನ್ನಾಗಿದೆ. ಅದು ನಿಜವೇ. ಆದರೆ ನಾವು ಉಸಿರಾಡುವುದು ಜಿಲ್ಲೆಯ ಗಾಳಿಯನ್ನಲ್ಲ, ನಮ್ಮ ಮುಖದ ಮುಂದಿರುವ ಗಾಳಿಯನ್ನು. ಕುಡಿಯುವುದು ನಮ್ಮ ಹಿತ್ತಲ ಬಾವಿಯ ನೀರನ್ನು. ಹಾಗಾಗಿ ಮನೆಯಿಂದಲೇ ಶುರುಮಾಡೋಣ. ಇಲ್ಲಿ ಬರೆದಿರುವುದನ್ನೆಲ್ಲ ಒಂದೇ ವಾರದಲ್ಲಿ ಮಾಡಬೇಕೆಂದಿಲ್ಲ. ನಿಮ್ಮ ಮನೆಗೆ ಯಾವುದು ಜಾಸ್ತಿ ಮುಖ್ಯವೋ ಅದನ್ನು ಮೊದಲು ಹಿಡಿದುಕೊಳ್ಳಿ.

ಮೊದಲು: ಒಂದು ದಿನದ ಪಟ್ಟಿ

ಮನೆಯಲ್ಲಿರುವ ಹಳೇ ನೋಟ್‌ಬುಕ್ ಒಂದನ್ನು ತೆಗೆದುಕೊಳ್ಳಿ. ಬೆಳಿಗ್ಗೆ ಎದ್ದಾಗಿನಿಂದ ಮಲಗುವವರೆಗೆ ಮೂರೇ ಸಂಗತಿ ಬರೆಯಿರಿ. ಎಲ್ಲಿ ಹೊಗೆ ಅಥವಾ ದೂಳು ಮೂಗಿಗೆ ಬಡಿಯಿತು? ಯಾವ ನೀರು ಹೊಟ್ಟೆಗೆ ಹೋಯಿತು? ಕೈಗೆ, ಕಾಲಿಗೆ, ಬಟ್ಟೆಗೆ ಏನು ಅಂಟಿತು? ಮನೆಯ ಪ್ರತಿಯೊಬ್ಬರದ್ದೂ ಬೇರೆ ಬೇರೆ ಬರೆಯಿರಿ. ತೋಟಕ್ಕೆ ಹೋಗುವವರ ಪಟ್ಟಿಗೂ ಮನೆಯಲ್ಲೇ ಇರುವ ಅಜ್ಜಿಯ ಪಟ್ಟಿಗೂ ತುಂಬಾ ವ್ಯತ್ಯಾಸ ಇರುತ್ತದೆ. ತೆವಳುವ ಮಗುವಿದ್ದರೆ ಅದರ ಪಟ್ಟಿ ಇನ್ನೂ ಬೇರೆ. ನೆಲದ ದೂಳೆಲ್ಲ ಅದರ ಬಾಯಿಗೆ ತಾನೇ ಹೋಗುವುದು?

ಪಟ್ಟಿ ಆದಮೇಲೆ ಪ್ರತಿಯೊಂದಕ್ಕೂ ಒಂದೇ ಕ್ರಮದಲ್ಲಿ ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಪೂರ್ತಿ ನಿಲ್ಲಿಸಬಹುದಾ? ಆಗದಿದ್ದರೆ, ದೂರ ಇಡಬಹುದಾ? ಅದೂ ಆಗದಿದ್ದರೆ ಮೂಗು, ಕಣ್ಣು, ಕೈ ಮುಚ್ಚಿಕೊಳ್ಳುವುದು ಹೇಗೆ? ನಾವು ಸಾಮಾನ್ಯವಾಗಿ ಉಲ್ಟಾ ಮಾಡುತ್ತೇವೆ. ಮೊದಲು ಮಾಸ್ಕ್ ಕೊಳ್ಳುತ್ತೇವೆ, ಆಮೇಲೆ ಫಿಲ್ಟರ್. ಹೊಗೆ ಮಾತ್ರ ಹಾಗೇ ಏಳುತ್ತಿರುತ್ತದೆ.

ಬಚ್ಚಲ ಒಲೆ

ನನ್ನನ್ನು ಕೇಳಿದರೆ ನಮ್ಮ ಜಿಲ್ಲೆಯ ಮನೆಗಳಲ್ಲಿ ಮೊದಲು ಸರಿಮಾಡಬೇಕಾದದ್ದು ಇದನ್ನೇ. ಕಾರಣ ಇದೆ. ಕಟ್ಟಿಗೆ ಹೊಗೆಯಲ್ಲಿರುವ ಅತಿ ಸಣ್ಣ ಕಣಗಳನ್ನು ಪಿಎಂ 2.5 ಎನ್ನುತ್ತಾರೆ. ನಮ್ಮ ಕೂದಲಿನ ದಪ್ಪದ ಮೂವತ್ತನೇ ಒಂದು ಭಾಗದಷ್ಟು ಸಣ್ಣವು. ಮೂಗಿನ ಕೂದಲು, ಗಂಟಲಿನ ಕಫ ಇವನ್ನು ತಡೆಯಲಾರವು. ಸೀದಾ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ಅಲ್ಲಿಂದ ರಕ್ತಕ್ಕೂ ಸೇರುತ್ತವೆ. ದಿನಕ್ಕೆ ಸರಾಸರಿ ಒಂದು ಘನ ಮೀಟರ್ ಗಾಳಿಯಲ್ಲಿ 15 ಮೈಕ್ರೋಗ್ರಾಂಗಿಂತ ಜಾಸ್ತಿ ಇರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. ನಮ್ಮ ದೇಶದ ಮಿತಿ 60. ಕಿಟಕಿ ಮುಚ್ಚಿದ ಬಚ್ಚಲಲ್ಲಿ ಹಸಿ ಕಟ್ಟಿಗೆ ಉರಿಸಿದರೆ ಎರಡೂ ಮಿತಿ ಎಲ್ಲೋ ಕೆಳಗೆ ಉಳಿದುಬಿಡುತ್ತವೆ.

ಈಗ ಏನು ಮಾಡಬೇಕು ನೋಡೋಣ.

1. ಇವತ್ತಿನಿಂದಲೇ ಒಲೆಗೆ ಪ್ಲಾಸ್ಟಿಕ್ ಹಾಕುವುದನ್ನು ನಿಲ್ಲಿಸಿ. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ಪೈಪು, ವೈರಿನ ಸಿಪ್ಪೆಯಂಥ ಪಿವಿಸಿ ಸುಟ್ಟರೆ ಆಮ್ಲದ ಹೊಗೆ ಬರುತ್ತದೆ. ಜೊತೆಗೆ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಅದು ಬೂದಿಯಲ್ಲೂ ಉಳಿಯುತ್ತದೆ. ಅದೇ ಬೂದಿಯನ್ನು ನಾವು ಬಸಳೆ ಬುಡಕ್ಕೆ ಹಾಕುತ್ತೇವೆ, ಅಲ್ವಾ? ಅಡಿಕೆ ಗೊನೆಗೆ ಕಟ್ಟಿದ ಪ್ಲಾಸ್ಟಿಕ್ ಕೊಟ್ಟೆ, ಗೊಬ್ಬರದ ಚೀಲ, ಹಳೇ ಟೈರು ಯಾವುದೂ ಬೇಡ. ಒಣಗಿಸಿ ಒಂದು ಚೀಲಕ್ಕೆ ತುಂಬಿಡಿ, ಪಂಚಾಯತದ ಕಸದ ಗಾಡಿಗೆ ಕೊಡಿ. ಬಯಲಲ್ಲಿ ಕಸ ಸುಡುವವರಿಗೆ 5,000 ರೂಪಾಯಿ ದಂಡ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲೇ ಆದೇಶ ಮಾಡಿದೆ. ಆದರೆ ದಂಡಕ್ಕಿಂತ ಮನೆಯವರ ಎದೆಗೂಡು ಮುಖ್ಯ.

2. ಬೆಂಕಿ ಹೊತ್ತಿಸಲು ಬೇರೆ ವ್ಯವಸ್ಥೆ ಮಾಡಿಕೊಳ್ಳಿ. ಪ್ಲಾಸ್ಟಿಕ್ ಬೇಡ ಎಂದರೆ ಸಾಲದು, ಒದ್ದೆ ಕಟ್ಟಿಗೆಯ ಮುಂದೆ ಕೂತವರಿಗೆ ಏನಾದರೂ ಬೇಕಲ್ಲ. ಒಣಗಿದ ತೆಂಗಿನ ಸಿಪ್ಪೆ, ಗರಟೆ, ಅಡಿಕೆ ಹಾಳೆಯ ಚೂರು, ಮಡಲಿನ ತುದಿ ಇವನ್ನು ಮೇ ತಿಂಗಳಲ್ಲೇ ಒಂದು ಡ್ರಮ್ಮಿಗೆ ತುಂಬಿಸಿ ಮುಚ್ಚಳ ಹಾಕಿಡಿ. ನಮ್ಮ ಮನೆಯಲ್ಲಿ ಒಂದು ಡ್ರಮ್ಮು ಆಗಸ್ಟ್‌ವರೆಗೆ ಬಂತು.

3. ಕಟ್ಟಿಗೆ ಒಣಗಿರಲಿ. ಒದ್ದೆ ಕಟ್ಟಿಗೆಯ ಶಾಖದಲ್ಲಿ ಒಂದಿಷ್ಟು ಅದರ ನೀರನ್ನು ಆರಿಸುವುದಕ್ಕೇ ಹೋಗುತ್ತದೆ, ಸರಿಯಾಗಿ ಉರಿಯದೆ ಹೊಗೆಯೂ ಜಾಸ್ತಿ. ಮಳೆಗಾಲಕ್ಕೆ ಬೇಕಾದಷ್ಟನ್ನು ಸಣ್ಣದಾಗಿ ಸೀಳಿ, ನೆಲಕ್ಕೆ ತಾಗದಂತೆ ಪೇರಿಸಿಡಿ.

4. ಒಲೆಗೆ ಹೊಗೆಕೊಳವೆ ಹಾಕಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ರೂಪಿಸಿದ ಅಸ್ತ್ರ ಒಲೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಎಷ್ಟೋ ಮನೆಗಳಲ್ಲಿ ಅದರ ಕೊಳವೆ ತುಕ್ಕು ಹಿಡಿದು ಬಿದ್ದಿದೆ, ಯಾರೂ ಮತ್ತೆ ಹಾಕಿಸಿಲ್ಲ. ಕೊಳವೆ ಮಾಡಿನ ಮೇಲಕ್ಕೆ ಎರಡು ಅಡಿಯಾದರೂ ಎದ್ದಿರಬೇಕು. ಹಂಚಿನ ಒಳಗೇ ನಿಂತರೆ ಹೊಗೆ ಅಟ್ಟದಲ್ಲಿ ಸುತ್ತಿ ಮತ್ತೆ ಕೆಳಗೆ ಬರುತ್ತದೆ. ತಿಂಗಳಿಗೊಮ್ಮೆ ಒಳಗಿನ ಇಲ್ಲಣ ಕೆರೆದು ತೆಗೆಯಿರಿ.

5. ಹೊತ್ತಿಸಿದವರು ಒಲೆ ಮುಂದೆ ಕೂರಬೇಡಿ. ಬೆಂಕಿ ಹತ್ತಿದ ಮೇಲೆ ಹೊರಗೆ ಬನ್ನಿ. ಮಗುವನ್ನು ಬೆಚ್ಚಗಿರಲಿ ಎಂದು ಬಚ್ಚಲಲ್ಲಿ ಕೂರಿಸುವುದು ಬೇಡವೇ ಬೇಡ.

ಹಂಡೆಯನ್ನೇ ಬಿಡಲು ಸಾಧ್ಯವಿದ್ದರೆ ಇನ್ನೂ ಒಳ್ಳೆಯದು. ಬಿಸಿಲಿನ ತಿಂಗಳುಗಳಲ್ಲಿ ಸೋಲಾರ್ ಸಾಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ನಂಬಲಾಗದು. ಕೊಟ್ಟಿಗೆಯಲ್ಲಿ ದನ ಇದ್ದರೆ ಗೋಬರ್ ಗ್ಯಾಸ್ ಯೋಚಿಸಿ. ದೇಶದಲ್ಲಿ ಗೋಬರ್ ಗ್ಯಾಸ್ ಚೆನ್ನಾಗಿ ನೆಲೆನಿಂತ ತಾಲ್ಲೂಕುಗಳಲ್ಲಿ ಶಿರಸಿಯೂ ಒಂದು. ಇಲ್ಲಿ ಅದರ ಕೆಲಸ ಬಲ್ಲವರು ಸಿಗುತ್ತಾರೆ.

ಗ್ಯಾಸ್ ಗೀಸರ್ ಹಾಕಿಸುವವರಿಗೆ ಒಂದು ಎಚ್ಚರಿಕೆ. ಅದನ್ನು ಸ್ನಾನದ ಕೋಣೆಯ ಒಳಗೆ ಇಡಿಸಬೇಡಿ. ಕಿಟಕಿ ಮುಚ್ಚಿದ ಸಣ್ಣ ಕೋಣೆಯಲ್ಲಿ ಗ್ಯಾಸ್ ಸರಿಯಾಗಿ ಉರಿಯದೆ ಕಾರ್ಬನ್ ಮೊನಾಕ್ಸೈಡ್ ತುಂಬುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತುವಷ್ಟರಲ್ಲಿ ಬಾಗಿಲು ತೆರೆಯುವ ಶಕ್ತಿಯೂ ಇರುವುದಿಲ್ಲ. ಹೊರಗೋಡೆಗೆ ಹಾಕಿಸಿ, ನೀರಿನ ಪೈಪು ಮಾತ್ರ ಒಳಗೆ ಬರಲಿ.

ಹೊಗೆಯ ಮಾತು ಬಂದದ್ದಕ್ಕೆ ಸೊಳ್ಳೆ ಬತ್ತಿಯನ್ನೂ ಸೇರಿಸುತ್ತೇನೆ. ಒಂದು ಬತ್ತಿ ಪೂರ್ತಿ ಉರಿದರೆ ಬಿಡುವ ಸಣ್ಣ ಕಣಗಳು 75ರಿಂದ 137 ಸಿಗರೇಟು ಬಿಡುವಷ್ಟು ಎಂದು 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಳೆದು ಹೇಳಿತ್ತು. ಕರಾವಳಿಯಲ್ಲಿ ಸೊಳ್ಳೆ ಸುಮ್ನೆ ಬಿಡುವುದಿಲ್ಲ, ಗೊತ್ತು. ಪರದೆ ಕಟ್ಟಿ. ಸಂಜೆ ಐದೂವರೆಗೆ ಕಿಟಕಿ ಮುಚ್ಚಿ, ಕಿಟಕಿಗೆ ಜಾಳಿಗೆ ಹಾಕಿಸಿ. ಗರಟೆಯಲ್ಲಿ, ಹಾಳೆಯಲ್ಲಿ ನಿಂತ ನೀರನ್ನು ವಾರಕ್ಕೊಮ್ಮೆ ಚೆಲ್ಲಿ.

ಕುಡಿಯುವ ನೀರು

ಗಟ್ಟದ ಮೇಲೆ ಅಬ್ಬಿ (ಬೆಟ್ಟದ ಝರಿ) ನೀರು, ಕೆಳಗೆ ಬಾವಿ. ಎರಡನ್ನೂ ನಾವು ದೇವರ ತೀರ್ಥದಂತೆ ನಂಬುತ್ತೇವೆ. ಬೇಸಿಗೆಯಲ್ಲಿ ಆ ನೀರಿನ ರುಚಿಗೆ ಸಾಟಿಯಿಲ್ಲ, ನಾನೂ ಒಪ್ಪುತ್ತೇನೆ. ಆದರೆ ಅಬ್ಬಿಯ ಮೇಲುಭಾಗದಲ್ಲಿ ದನ ಮೇಯುತ್ತದೆ, ಕಾಡುಪ್ರಾಣಿ ಬರುತ್ತದೆ. ಮೊದಲ ಮಳೆಗೆ ಅದೆಲ್ಲ ತೊಳೆದು ಪೈಪಿಗೇ ಬರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಕುದಿಸದೆ ಕುಡಿಯಬೇಡಿ. ಕುದಿಸುವುದು ಎಂದರೆ ಗುಳ್ಳೆ ಕೊತಕೊತ ಎದ್ದ ಮೇಲೆ ಇನ್ನೊಂದು ನಿಮಿಷ. ಬರೀ ಬಿಸಿ ಮಾಡಿದರೆ ಸಾಲದು. ಕುದಿಸಿದ ಬಿಸಿನೀರಿಗೆ ತಣ್ಣೀರು ಬೆರೆಸಿ ಹದ ಮಾಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಹಾಗೆ ಮಾಡಿದರೆ ಕುದಿಸಿದ್ದು ದಂಡ.

ಬಾವಿಯ ವಿಷಯದಲ್ಲಿ ಮೊದಲು ಅಳತೆ ಪಟ್ಟಿ ಹಿಡಿದುಕೊಂಡು ಹಿತ್ತಲಿಗೆ ಹೋಗಿ. ಶೌಚದ ಗುಂಡಿ, ಗೊಬ್ಬರಗುಂಡಿ, ಕೊಟ್ಟಿಗೆಯ ಚರಂಡಿ ಇವು ಬಾವಿಯಿಂದ 15 ಮೀಟರ್ ಅಂದರೆ ಸುಮಾರು 50 ಅಡಿಯಾದರೂ ದೂರ ಇರಬೇಕು. ನಮ್ಮದು ಚಿರೆಕಲ್ಲಿನ ನೆಲ. ಅದರಲ್ಲಿ ತೂತು, ಬಿರುಕು ಬಹಳ. ಗುಂಡಿಯ ನೀರು ಮಣ್ಣಿನಲ್ಲಿ ನಿಧಾನವಾಗಿ ಸೋಸಿ ಹೋಗುವ ಬದಲು ಈ ಬಿರುಕುಗಳಲ್ಲಿ ಸರಸರ ಹರಿಯುತ್ತದೆ. ಹಾಗಾಗಿ ಜಾಗ ಇದ್ದರೆ 50 ಅಡಿಗೂ ಜಾಸ್ತಿ ಬಿಡಿ, ಗುಂಡಿ ಬಾವಿಗಿಂತ ಇಳಿಜಾರಿನ ಕೆಳಗಿರಲಿ. ಬಾವಿಕಟ್ಟೆ ಸೊಂಟದೆತ್ತರ ಇರಲಿ, ಸುತ್ತ ಸಿಮೆಂಟಿನ ಜಗಲಿ ಇರಲಿ, ಬಟ್ಟೆ ತೊಳೆದ ನೀರು ಹೊರಕ್ಕೆ ಹರಿದುಹೋಗಲಿ.

ಬ್ಲೀಚಿಂಗ್ ಪೌಡರ್ ಹಾಕುವುದು ಎಲ್ಲರಿಗೂ ಗೊತ್ತು. ಆದರೆ ಅಂದಾಜಿನ ಮೇಲೆ ಒಂದು ಮುಷ್ಟಿ ಎಸೆದುಬಿಡುತ್ತೇವೆ. ಕಡಿಮೆ ಬಿದ್ದರೆ ಕೆಲಸ ಆಗುವುದಿಲ್ಲ, ಜಾಸ್ತಿ ಬಿದ್ದರೆ ವಾಸನೆಗೆ ಯಾರೂ ಕುಡಿಯುವುದಿಲ್ಲ. ಲೆಕ್ಕ ಸುಲಭ. ಬಾವಿಯ ಅಡ್ಡಳತೆಯನ್ನು ಮೀಟರಿನಲ್ಲಿ ಅಳೆದು ಅದನ್ನು ಅದರಿಂದಲೇ ಗುಣಿಸಿ. ಬಂದದ್ದನ್ನು ನೀರಿನ ಆಳದಿಂದ ಗುಣಿಸಿ. ಮತ್ತೆ 3.14ರಿಂದ ಗುಣಿಸಿ 4ರಿಂದ ಭಾಗಿಸಿ. ಸಿಕ್ಕಿದ್ದು ಎಷ್ಟು ಸಾವಿರ ಲೀಟರ್ ನೀರಿದೆ ಎಂಬ ಲೆಕ್ಕ. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪೌಡರ್ ಬೇಕು. 3 ಮೀಟರ್ ಅಗಲ, 4 ಮೀಟರ್ ನೀರು ಇರುವ ಬಾವಿಯಲ್ಲಿ ಸುಮಾರು 28 ಸಾವಿರ ಲೀಟರ್ ನೀರಿರುತ್ತದೆ. ಅದಕ್ಕೆ 70 ಗ್ರಾಂ ಸಾಕು.

ಈ ಪೌಡರನ್ನು ಸೀದಾ ಬಾವಿಗೆ ಹಾಕಬೇಡಿ. ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಗಂಟಿಲ್ಲದಂತೆ ಕಲಸಿ. ಮುಕ್ಕಾಲು ಬಕೆಟ್ ನೀರು ತುಂಬಿಸಿ ತಿರುಗಿಸಿ, ಹತ್ತು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿನೀರನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ, ಹಗ್ಗ ಕಟ್ಟಿ ಬಾವಿಯೊಳಗೆ ಇಳಿಸಿ. ನೀರಿನ ಒಳಗೆ ಮೇಲೆ ಕೆಳಗೆ ಆಡಿಸಿ. ತಳದ ಸುಣ್ಣವನ್ನು ಹೊರಗೆ ಚೆಲ್ಲಿ. ಇದನ್ನು ರಾತ್ರಿ ಮಲಗುವ ಮುಂಚೆ ಮಾಡಿದರೆ ಬೆಳಿಗ್ಗೆ ನೀರು ಸೇದಲು ಸರಿಯಾಗುತ್ತದೆ. ಕಡಿಮೆ ಎಂದರೂ ಒಂದು ಗಂಟೆ ಬಿಡಲೇಬೇಕು. ಪೌಡರಿನ ಕೊಟ್ಟೆ ಬಿಚ್ಚಿಟ್ಟರೆ ನಮ್ಮ ಮಳೆಗಾಲದ ತೇವಕ್ಕೆ ಅದರ ಶಕ್ತಿ ಹೋಗುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಕತ್ತಲಲ್ಲಿ ಇಡಿ. ಶೌಚಾಲಯ ತೊಳೆಯುವ ಆಸಿಡ್ ಜೊತೆಗೆ ಇದನ್ನು ಎಂದೂ ಸೇರಿಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ, ಉಸಿರು ಕಟ್ಟುತ್ತದೆ.

ನೆರೆ ಬಂದು ಹೋದ ಬಾವಿಯ ಕತೆ ಬೇರೆ. 2019ರ ಆಗಸ್ಟ್‌ನಲ್ಲಿ, 2021ರ ಜುಲೈನಲ್ಲಿ ಗಂಗಾವಳಿ, ಕಾಳಿ ನದಿಗಳ ದಡದ ಊರುಗಳು ಮುಳುಗಿದ್ದನ್ನು ನೋಡಿದ್ದೇವೆ. ಹಾಗೆ ಕೆಂಪುನೀರು ಒಳಗೆ ಹೋದ ಬಾವಿಗೆ ಬರೀ ಪೌಡರ್ ಸಾಲದು. ನೀರನ್ನು ಪೂರ್ತಿ ಪಂಪ್ ಮಾಡಿ ತೆಗೆಯಬೇಕು, ತಳದ ಕೆಸರು ಎತ್ತಬೇಕು, ಗೋಡೆ ತಿಕ್ಕಬೇಕು. ಹೊಸ ನೀರು ಬಂದ ಮೇಲೆ ಪೌಡರ್ ಹಾಕಬೇಕು. ಕೆಲಸಕ್ಕೆ ಇಳಿಯುವವರ ಜೀವ ಮುಖ್ಯ. ಬಾವಿಯ ಒಳಗೆ ಗಾಳಿ ಕೆಟ್ಟಿರಬಹುದು. ಡೀಸೆಲ್ ಪಂಪನ್ನು ಬಾವಿಯ ಒಳಗೆ ಇಳಿಸಿ ಓಡಿಸಲೇಬಾರದು. ಒಬ್ಬರೇ ಇಳಿಯಬಾರದು, ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ಇರಲಿ.

ಕರಾವಳಿಯವರಿಗೆ ಇನ್ನೊಂದು ತೊಂದರೆ ಇದೆ. ಏಪ್ರಿಲ್, ಮೇ ತಿಂಗಳಲ್ಲಿ ಬಾವಿಗೆ ಉಪ್ಪು ನೀರು ಸೇರುತ್ತದೆ. ಕುದಿಸಿದರೆ ಉಪ್ಪು ಹೋಗುವುದಿಲ್ಲ, ಇನ್ನೂ ಗಟ್ಟಿಯಾಗುತ್ತದೆ. ಬಿಪಿ ಇರುವವರಿಗೆ, ಬಸುರಿಯರಿಗೆ, ಮೂತ್ರಪಿಂಡದ ತೊಂದರೆ ಇರುವವರಿಗೆ ಆ ನೀರು ಬೇಡ. ಕುಡಿಯಲು, ಅಡುಗೆಗೆ ಬೇರೆ ನೀರು ತಂದುಕೊಳ್ಳಿ. ಉಪ್ಪಿನ ಬಾವಿಗೆ ಜೋರು ಪಂಪ್ ಹಾಕಿ ಎಳೆದಷ್ಟೂ ಸಮುದ್ರದ ನೀರು ಒಳಗೆ ಬರುತ್ತದೆ. ಬೇಸಿಗೆಯಲ್ಲಿ ಸ್ವಲ್ಪ ಸ್ವಲ್ಪವೇ ಸೇದುವುದು ಒಳ್ಳೆಯದು.

ಕೊಳೆ ಔಷಧಿ ಹೊಡೆಯುವ ದಿನ

ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ (ತಾಮ್ರದ ಸಲ್ಫೇಟ್), ಸುಣ್ಣ ನಮ್ಮ ಅಜ್ಜನ ಕಾಲದಿಂದ ಬಂದವು. ಹಳೆಯದು, ಎಲ್ಲರೂ ಹೊಡೆಯುತ್ತಾರೆ, ಹಾಗಾಗಿ ಅದು ವಿಷವಲ್ಲ ಎಂಬ ಭಾವನೆ ಬೆಳೆದುಬಿಟ್ಟಿದೆ. ಕಣ್ಣಿಗೆ ಬಿದ್ದರೆ ಎರಡೂ ಸುಡುತ್ತವೆ. ಮೈಲುತುತ್ತ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ.

ಶೇಕಡಾ 1ರ ಬೋರ್ಡೋ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. 50 ಲೀಟರಿನಲ್ಲಿ ಅದು, 50 ಲೀಟರಿನಲ್ಲಿ ಇದು ಬೇರೆ ಬೇರೆ ಕರಗಿಸಿ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತ ಕೋಲಿನಿಂದ ತಿರುಗಿಸಿ. ಕಬ್ಬಿಣದ ಡ್ರಮ್ಮು ಬೇಡ, ಪ್ಲಾಸ್ಟಿಕ್ ಇರಲಿ. ಹರಿತವಾದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕತ್ತಿಗೆ ಕೆಂಪು ತಾಮ್ರದ ಬಣ್ಣ ಅಂಟಿದರೆ ಸುಣ್ಣ ಸಾಲದು ಎಂದರ್ಥ. ಆ ದ್ರಾವಣ ಎಳೆಕಾಯಿಯನ್ನೂ ಸುಡುತ್ತದೆ, ನಿಮ್ಮ ಚರ್ಮವನ್ನೂ ಸುಡುತ್ತದೆ.

ಜಾಸ್ತಿ ಅಪಾಯ ಇರುವುದು ಸುಣ್ಣ ಅರಳಿಸುವಾಗ. ಸುಟ್ಟ ಸುಣ್ಣಕ್ಕೆ ನೀರು ಬಿದ್ದ ತಕ್ಷಣ ಕೊತಕೊತ ಕುದಿದು ಚಿಮ್ಮುತ್ತದೆ. ಬಗ್ಗಿ ನೋಡಬೇಡಿ, ಮಕ್ಕಳು ಹತ್ತಿರ ಬೇಡ. ಕಣ್ಣಿಗೆ ಚಿಮ್ಮಿದರೆ ಉಜ್ಜಬೇಡಿ. ರೆಪ್ಪೆ ಬಿಡಿಸಿ ಹಿಡಿದು ಇಪ್ಪತ್ತು ನಿಮಿಷ ಒಂದೇ ಸಮನೆ ಚೊಕ್ಕ ನೀರು ಸುರಿಯಿರಿ, ಆಮೇಲೆ ಕಣ್ಣಿನ ವೈದ್ಯರ ಬಳಿ ಓಡಿ. ಮೊದಲು ನೀರು, ಆಮೇಲೆ ಆಸ್ಪತ್ರೆ. ಹಳ್ಳಿಯಿಂದ ಶಿರಸಿಗೋ ಕುಮಟಾಕ್ಕೋ ಮುಟ್ಟುವ ಒಂದು ಗಂಟೆಯಲ್ಲಿ ಸುಣ್ಣ ತನ್ನ ಕೆಲಸ ಮುಗಿಸಿಬಿಡುತ್ತದೆ.

ಹಿಂದೆ ಕೊನೆಗೌಡರು ಮರ ಹತ್ತಿ ಹೊಡೆಯುತ್ತಿದ್ದರು. ಈಗ ಮರ ಹತ್ತುವವರು ಕಡಿಮೆ, ಉದ್ದದ ಕಾರ್ಬನ್ ದೋಟಿ ಹಿಡಿದು ನೆಲದಲ್ಲೇ ನಿಂತು ಹೊಡೆಯುತ್ತಾರೆ. ಬೀಳುವ ಭಯ ತಪ್ಪಿತು, ಅದು ದೊಡ್ಡದೇ. ಆದರೆ ದೋಟಿ ಹಿಡಿದವರು ಮುಖ ಮೇಲೆ ಮಾಡಿ ನಿಲ್ಲುತ್ತಾರೆ, ಔಷಧಿ ಹನಿಹನಿಯಾಗಿ ಅವರ ಮುಖಕ್ಕೇ ಬೀಳುತ್ತದೆ. ಪಕ್ಕ ಮುಚ್ಚುವ ಕನ್ನಡಕ ಕಡ್ಡಾಯ. ತಲೆಗೆ ಅಗಲ ಅಂಚಿನ ಟೊಪ್ಪಿ, ಕೈಗೆ ರಬ್ಬರ್ ಗ್ಲೌಸ್, ಕಾಲಿಗೆ ಗಮ್‌ಬೂಟ್, ಉದ್ದ ತೋಳಿನ ಅಂಗಿ. ಗಾಳಿ ಬೆನ್ನ ಹಿಂದಿನಿಂದ ಬೀಸುವಂತೆ ನಿಂತುಕೊಳ್ಳಿ. ಕೆಲಸಕ್ಕೆ ಬಂದವರಿಗೂ ಇದನ್ನೆಲ್ಲ ತೋಟದ ಯಜಮಾನರೇ ಕೊಡಬೇಕು. ಒಂದು ಕನ್ನಡಕದ ಬೆಲೆ ಒಂದು ದಿನದ ಕೂಲಿಗಿಂತ ಕಡಿಮೆ.

ಹೊಡೆಯುವ ಮೊದಲು ತೋಟದ ಬಾವಿಗೆ ತಾಡಪಾಲು ಹೊದೆಸಿ. ಕೆಳಗಿನ ಸೊಪ್ಪು, ಕೆಸುವು, ಎಲೆಬಳ್ಳಿಯನ್ನು ಮುಂಚೆಯೇ ಕೊಯ್ದುಕೊಳ್ಳಿ. ನಡುವೆ ಕವಳ ಹಾಕುವ ಅಭ್ಯಾಸ ಇದ್ದವರು ಸಾಬೂನು ಹಾಕಿ ಕೈ ತೊಳೆಯದೆ ಸಂಚಿ ಬಿಚ್ಚಬೇಡಿ. ನೀಲಿ ಹಿಡಿದ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಹಾಕಬೇಡಿ, ಬೇರೆಯೇ ತೊಳೆಯಿರಿ. ಮೈಲುತುತ್ತವಾಗಲಿ ಕಳೆನಾಶಕವಾಗಲಿ ನೀರಿನ ಬಾಟಲಿ, ತಂಪು ಪಾನೀಯದ ಬಾಟಲಿಗೆ ಸುರಿದಿಡಬೇಡಿ. ಖಾಲಿಯಾದ ಔಷಧಿ ಬಾಟಲಿಗೆ ತೂತು ಮಾಡಿ, ಇನ್ನೊಬ್ಬರು ಎಣ್ಣೆ ತುಂಬಿಸಲು ಒಯ್ಯದಂತೆ.

ಬೆಟ್ಟ, ಗದ್ದೆ, ಜ್ವರ

ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನಮ್ಮ ಸಿದ್ದಾಪುರ ತಾಲ್ಲೂಕಿನಲ್ಲೂ ಇತ್ತೀಚಿನ ವರ್ಷಗಳಲ್ಲಿ ಮತ್ತೆ ಮತ್ತೆ ಕಾಣಿಸಿದೆ. ಹರಡುವುದು ಉಣುಗಿನಿಂದ. ಡಿಸೆಂಬರ್‌ನಿಂದ ಮೇವರೆಗೆ ಎಳ್ಳಿನಷ್ಟು ಸಣ್ಣ ಮರಿ ಉಣುಗುಗಳು ಒಣ ಎಲೆಯ ನಡುವೆ ಇರುತ್ತವೆ. ನಾವು ಕೊಟ್ಟಿಗೆಗೆ ದರಕು (ಒಣಗಿದ ಎಲೆ) ಗುಡಿಸಿ ತರುವುದೂ ಅದೇ ತಿಂಗಳುಗಳಲ್ಲಿ. ಹಾಗಾಗಿ ಬೆಟ್ಟಕ್ಕೆ ಹೋಗದವರಿಗೂ ಉಣುಗು ಮನೆಬಾಗಿಲಿಗೆ ಬರುತ್ತದೆ.

ಬೆಟ್ಟಕ್ಕೆ ಹೋಗುವ ಮೊದಲು, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲವನ್ನು ಕೈಕಾಲಿಗೆ ಸವರಿಕೊಳ್ಳಿ. ಆಶಾ ಕಾರ್ಯಕರ್ತೆಯರನ್ನು ಕೇಳಿದರೆ ಸಿಗುತ್ತದೆ. ಪ್ಯಾಂಟಿನ ತುದಿ ಸಾಕ್ಸಿನೊಳಗೆ ಸೇರಿಸಿ, ಅಂಗಿ ಒಳಗೆ ಸಿಕ್ಕಿಸಿ. ದರಕಿನ ರಾಶಿಯನ್ನು ಮನೆಗೆ ತಾಗಿ ಹಾಕಬೇಡಿ, ಮಕ್ಕಳು ಅದರ ಮೇಲೆ ಆಡುವುದು ಬೇಡ. ಬಂದ ತಕ್ಷಣ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದು, ಕಿವಿಯ ಹಿಂದೆ, ಮೊಣಕಾಲಿನ ಹಿಂದೆ ನೋಡಿಕೊಳ್ಳಿ. ಉಣುಗು ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೆಯಿರಿ. ಸೀಮೆಎಣ್ಣೆ ಹಾಕುವುದು, ಬೀಡಿಯಿಂದ ಸುಡುವುದು, ಉಗುರಿನಿಂದ ಚಿವುಟಿ ಒರೆಸುವುದು ಬೇಡ. ಕಾಡಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹತ್ತಿರ ಹೋಗಬೇಡಿ, ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹಿಂದೆ ಕೊಡುತ್ತಿದ್ದ ಲಸಿಕೆ ನಿಲ್ಲಿಸಿದ್ದಾರೆ. ಈಗ ನಮ್ಮ ಕೈಯಲ್ಲಿರುವುದು ಈ ಎಚ್ಚರವೇ.

ಗದ್ದೆಯಲ್ಲಿ ಇಲಿ ಜ್ವರ. ಇಲಿ, ದನಗಳ ಮೂತ್ರ ಸೇರಿದ ನೀರಿನಿಂದ ಕಾಲಿನ ಗಾಯದ ಮೂಲಕ ರೋಗಾಣು ಒಳಗೆ ಬರುತ್ತದೆ. ಹಿಮ್ಮಡಿ ಒಡೆದಿದ್ದರೆ, ಕೆಸರು ಹುಣ್ಣು ಇದ್ದರೆ ಗಮ್‌ಬೂಟ್ ಇಲ್ಲದೆ ಇಳಿಯಬೇಡಿ. ನೆರೆ ನೀರಿನಲ್ಲಿ ಓಡಾಡಬೇಕಾದವರು ತಡೆ ಮಾತ್ರೆ ಬೇಕಾ ಎಂದು ವೈದ್ಯರನ್ನು ಮೊದಲೇ ಕೇಳಿ.

ಅಡುಗೆಮನೆ

ಇಲ್ಲಿ ಬೇಗ ಮುಗಿಸುತ್ತೇನೆ. ಹಿತ್ತಾಳೆ, ತಾಮ್ರದ ಪಾತ್ರೆಗೆ ಕಲಾಯಿ ಹೋಗಿದ್ದರೆ ಅಪ್ಪೆಹುಳಿ, ಮುರುಗಲು ಸಾರು, ಮಜ್ಜಿಗೆ ಯಾವುದನ್ನೂ ಅದರಲ್ಲಿ ಮಾಡಬೇಡಿ. ಹುಳಿಗೆ ತಾಮ್ರ ಬಿಟ್ಟುಕೊಳ್ಳುತ್ತದೆ, ವಾಂತಿಯಾಗುತ್ತದೆ. ಕಲಾಯಿ ಹಾಕಿಸುವಾಗ ಚೊಕ್ಕ ತವರವೇ ಎಂದು ಕೇಳಿ. ಸೀಸ ಬೆರೆಸಿದ ಕಲಾಯಿ ಮಕ್ಕಳ ಮಿದುಳಿಗೆ ಕೆಟ್ಟದ್ದು. ಹಳೇ ಬಾಗಿಲು, ತೊಟ್ಟಿಲಿನ ಬಣ್ಣದಲ್ಲೂ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಳೇ ಬಣ್ಣವನ್ನು ಒಣಗಿದ್ದಾಗ ಉಜ್ಜಬೇಡಿ, ಒದ್ದೆ ಮಾಡಿ ಕೆರೆಯಿರಿ. ಹಳೇ ಸಿಮೆಂಟ್ ಶೀಟಿನ ವಿಷಯದಲ್ಲೂ ಎಚ್ಚರ ಬೇಕು. ಅದರಲ್ಲಿ ಕಲ್ನಾರು ಇರುತ್ತದೆ, ಒಡೆಯಬೇಡಿ, ಕೊಯ್ಯಬೇಡಿ.

ಮಳೆಗಾಲದಲ್ಲಿ ಬೂಸ್ಟು ಹಿಡಿದ ಶೇಂಗಾ, ಕೊಬ್ಬರಿಯನ್ನು ಒರೆಸಿ ಬಳಸಬೇಡಿ. ಬೂಸ್ಟಿನಿಂದ ಹುಟ್ಟುವ ವಿಷ ಹುರಿದರೂ ಪೂರ್ತಿ ಹೋಗುವುದಿಲ್ಲ.

ಮೀನು ತಿನ್ನುವವರಿಗೆ ಎರಡು ಮಾತು. ಬಂಗಡೆ, ತಾರ್ಲೆ ಐಸ್ ಇಲ್ಲದೆ ಬಿಸಿಲಲ್ಲಿ ಕೂತಿದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಮುಖ ಕೆಂಪಾಗುವುದು, ಮೈ ತುರಿಸುವುದು ಅದರಿಂದಲೇ. ಪೇಟೆಗೆ ಹೋಗುವಾಗ ಮೀನನ್ನು ಕೊನೆಗೆ ಕೊಳ್ಳಿ. ಬಸುರಿಯರು, ಸಣ್ಣ ಮಕ್ಕಳು ಶಾರ್ಕ್, ದೊಡ್ಡ ಇಶ್ವಾಣದಂಥ ಬೇಟೆಯಾಡುವ ಮೀನನ್ನು ಕಡಿಮೆ ತಿನ್ನಲಿ, ಪಾದರಸ ಅವುಗಳಲ್ಲಿ ಸೇರಿಕೊಂಡಿರುತ್ತದೆ. ತಾರ್ಲೆ, ಬಂಗಡೆಯಲ್ಲಿ ಆ ಚಿಂತೆ ಕಡಿಮೆ, ಅಗ್ಗವೂ ಹೌದು. ಬಳಚು (ಚಿಪ್ಪುಮೀನು) ಆರಿಸುವವರು ಪೇಟೆಯ ಚರಂಡಿ ಸೇರುವ ಜಾಗ ಬಿಟ್ಟು ಆರಿಸಿ. ಅದು ನೀರು ಸೋಸಿ ಬದುಕುವ ಜೀವಿ, ನೀರಿನಲ್ಲಿದ್ದ ಕೊಳೆಯೂ ಅದರೊಳಗೆ ಉಳಿಯುತ್ತದೆ.

ವೈದ್ಯರ ಬಳಿ ಹೋದಾಗ

ನಮ್ಮ ಮಾವನಿಗೆ ಒಮ್ಮೆ ಫೆಬ್ರವರಿಯಲ್ಲಿ ಜೋರು ಜ್ವರ ಬಂತು. ತಲೆ ಸಿಡಿಯುವಷ್ಟು ನೋವು, ಮೈಕೈ ಎಲ್ಲ ಜಜ್ಜಿದ ಹಾಗೆ. ಮೂರು ದಿನ ಸಾದಾ ಜ್ವರದ ಮಾತ್ರೆ ನುಂಗುತ್ತ ಕಳೆದರು. ಹಿಂದಿನ ವಾರ ಬೆಟ್ಟದಿಂದ ದರಕು ಹೊತ್ತದ್ದನ್ನು ಅವರೂ ಹೇಳಲಿಲ್ಲ, ನಾವೂ ಹೇಳಲಿಲ್ಲ. ನಾಲ್ಕನೇ ದಿನ ಅತ್ತೆ ಮಾತಿನ ನಡುವೆ ಹೇಳಿದಾಗ ವೈದ್ಯರು ತಕ್ಷಣ ರಕ್ತ ತೆಗೆದು ಪರೀಕ್ಷೆಗೆ ಕಳಿಸಿದರು. ಮಾವ ಹುಷಾರಾದರು. ಆ ಮೂರು ದಿನ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಹಾಗಾಗಿ ಮೊದಲು ಮಾಡಿದ ಆ ಪಟ್ಟಿಯನ್ನು ಬಿಸಾಡಬೇಡಿ. ಜ್ವರ ಬಂದಾಗ ಹಿಂದಿನ ಎರಡು ವಾರ ಎಲ್ಲೆಲ್ಲಿ ಹೋದಿರಿ, ಏನು ಮುಟ್ಟಿದಿರಿ ಎಂದು ಬರೆದುಕೊಂಡು ಹೋಗಿ. “ಬೆಟ್ಟಕ್ಕೆ ಹೋಗಿದ್ದೆ”, “ಗದ್ದೆ ಕೆಸರಲ್ಲಿ ಇಳಿದಿದ್ದೆ”, “ಔಷಧಿ ಹೊಡೆದಿದ್ದೆ”, “ದಿನಾ ಒಲೆ ಉರಿಸುತ್ತೇನೆ” ಎಂದು ಕೇಳದಿದ್ದರೂ ಹೇಳಿ. ಜ್ವರದ ಜೊತೆ ಮೀನಖಂಡದಲ್ಲಿ ನೋವು, ಕಣ್ಣು ಕೆಂಪು ಅಥವಾ ಹಳದಿ, ವಸಡಿನಲ್ಲಿ ರಕ್ತ ಕಂಡರೆ ಒಂದು ದಿನವೂ ಕಾಯಬೇಡಿ. ಪರೀಕ್ಷೆ ಆಗುವವರೆಗೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಮಾತ್ರೆ ನುಂಗಬೇಡಿ, ಕೆಲವು ಮಾತ್ರೆಗಳು ರಕ್ತಸ್ರಾವ ಜಾಸ್ತಿ ಮಾಡುತ್ತವೆ.

ಯಾರಾದರೂ ವಿಷದ ಔಷಧಿ ನುಂಗಿದ್ದರೆ ವಾಂತಿ ಮಾಡಿಸಬೇಡಿ, ಉಪ್ಪುನೀರು ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಎರಡನ್ನೂ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಯ ಕ್ಯಾಲೆಂಡರಿನ ಪಕ್ಕ ಅಂಟಿಸಿ. ಹೊರಡುವಾಗ ಔಷಧಿಯ ಬಾಟಲಿಯನ್ನು, ಅದರ ಚೀಟಿ ಹರಿಯದಂತೆ, ಒಂದು ಚೀಲಕ್ಕೆ ಹಾಕಿ ಜೊತೆಗೇ ಒಯ್ಯಿರಿ.